ಕರೆಂಟು ಹೋಗದಿದ್ದಾಗ ಸಿಕ್ಕ ತಪ್ಪು

ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನ ಮಾವ ಕಾಫಿ, ಕಾಳುಮೆಣಸು ಖರೀದಿ ಮಾಡುತ್ತಾರೆ. ಅವರ ಅಂಗಡಿಯ ಪ್ರೋಗ್ರಾಂ ಬರೆದವನು ನಾನೇ. ಹಳೇ ವಿಂಡೋಸ್ ಕಂಪ್ಯೂಟರಿಗೆ ಎಕ್ಸಾಂಪ್ ಹಾಕಿ ಓಡಿಸುತ್ತೇವೆ. ಅದರಲ್ಲಿ ಅಪಾಚೆ ಎಂಬ ವೆಬ್ ಸರ್ವರ್, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುತ್ತವೆ. ಮಳೆಗಾಲದಲ್ಲಿ ಇಂಟರ್ನೆಟ್ ನಂಬುವ ಹಾಗಿಲ್ಲ ಅಲ್ವಾ, ಅದಕ್ಕೇ ಎಲ್ಲವೂ ಅಂಗಡಿಯೊಳಗೇ ಇದೆ. ಗೋಡೌನಿನಲ್ಲಿರುವವರು ವೈಫೈ ಹಿಡಿದು ಮೊಬೈಲಿನಲ್ಲೇ ಪೇಜು ತೆರೆಯುತ್ತಾರೆ.

ಪೇಜು ತುಂಬಾ ನಿಧಾನವಾಗಿತ್ತು. ಜೂನ್‌ನಲ್ಲಿ ಎಪಿಸಿಯು ಹಾಕಿದೆ. ಪಿಎಚ್‌ಪಿಯ ಈ ಎಕ್ಸ್‌ಟೆನ್ಶನ್ ದರಪಟ್ಟಿಯಂಥ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಬೇಗ ಕೊಡುತ್ತದೆ. ಮೊದಲ ದಿನ ಅದು ಲೋಡ್ ಆಗಲೇ ಇಲ್ಲ. ಅಪಾಚೆಯ ಎರರ್ ಲಾಗ್ ನೋಡಿದಾಗ ಕಾರಣ ಸಿಕ್ಕಿತು. ನಾನು ಇಳಿಸಿಕೊಂಡಿದ್ದ ಎಪಿಸಿಯುವಿನ ಡಿಎಲ್‌ಎಲ್ ಫೈಲು ನಾನ್ ಥ್ರೆಡ್ ಸೇಫ್ ಎಂಬ ಬಗೆಯದು, ಎಕ್ಸಾಂಪಿನ ಪಿಎಚ್‌ಪಿ ಥ್ರೆಡ್ ಸೇಫ್ ಬಗೆಯದು. ಒಂದಕ್ಕೊಂದು ಹೊಂದುವುದಿಲ್ಲ. ಪಿಎಚ್‌ಪಿಯ ವಿವರ ತೋರಿಸುವ ಪಿಎಚ್‌ಪಿಇನ್ಫೋ ಪೇಜಿನಲ್ಲಿ ಇದೆಲ್ಲ ಬರೆದಿರುತ್ತದೆ. ಪಿಎಚ್‌ಪಿ ವರ್ಷನ್, 64 ಬಿಟ್ಟೋ 32 ಬಿಟ್ಟೋ, ಯಾವ ಕಂಪೈಲರ್, ಎಲ್ಲವೂ ಹೊಂದಬೇಕು. ಸರಿಯಾದ ಫೈಲು ಹಾಕಿ ಅಪಾಚೆ ರೀಸ್ಟಾರ್ಟ್ ಮಾಡಿದೆ, ಓಡಿತು.

ನಿಜವಾದ ತೊಂದರೆ ಕಂಡಿದ್ದು ಜನವರಿಯಲ್ಲಿ, ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಬರುವ ಹೊತ್ತಿಗೆ. ಬೆಳೆಗಾರರೊಬ್ಬರು ಮೂಟೆ ಇಳಿಸಿದ್ದರು. ಬಿಲ್ಲಿನಲ್ಲಿ ಮೂರು ದಿನ ಹಿಂದಿನ ದರ ಬಂತು. ಮಾವ ಆ ದಿನದ ದರಕ್ಕೆ ಹೋಲಿಸಿ ನೋಡಿ ತಡೆದರು. ದರ 50 ಕೆಜಿ ಚೀಲದ ಲೆಕ್ಕದ್ದು. ವರ್ಷಕ್ಕೊಮ್ಮೆ ಬರುವ ದುಡ್ಡು ಬೆಳೆಗಾರರದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡೇಟಾಬೇಸಿನಲ್ಲಿ ಹೊಸ ದರವೇ ಇತ್ತು. ಅಂದರೆ ಹಳೆಯದು ಬರುತ್ತಿದ್ದುದು ಕ್ಯಾಶ್‌ನಿಂದ, ಎಪಿಸಿಯು ಮೆಮೊರಿಯಲ್ಲಿ ಇಟ್ಟುಕೊಂಡ ಪ್ರತಿಯಿಂದ. ಆದರೆ ಬೆಳಿಗ್ಗೆ ದರ ಬದಲಿಸುವ ಸ್ಕ್ರಿಪ್ಟು (ಪುಟ್ಟ ಪ್ರೋಗ್ರಾಂ) ಕ್ಯಾಶನ್ನೂ ಅಳಿಸುವ ಹಾಗೆ ಬರೆದಿದ್ದೆನಲ್ಲ! ತುಂಬಾ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಆ ಸ್ಕ್ರಿಪ್ಟು ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಿಂದ, ಕಮಾಂಡ್ ಲೈನಿನಲ್ಲಿ, ಅಂದರೆ ಅಪಾಚೆಯ ಹೊರಗೆ ಓಡುತ್ತದೆ. ಅಲ್ಲಿ ಎಪಿಸಿಯು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದರೂ ಆ ಸ್ಕ್ರಿಪ್ಟಿನ ಮೆಮೊರಿಯೇ ಬೇರೆ, ಅಪಾಚೆಯೊಳಗಿನ ಮೆಮೊರಿಯೇ ಬೇರೆ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಅಳಿಯುವುದಿಲ್ಲ. ಕ್ಯಾಶ್‌ನಲ್ಲಿ ದರ ಎಷ್ಟು ಹೊತ್ತು ಇರಬೇಕೆಂಬ ಅವಧಿಯನ್ನೂ ನಾನು ಕೊಟ್ಟಿರಲಿಲ್ಲ. ಅವಧಿ ಕೊಡದಿದ್ದರೆ ಅದು ಸೊನ್ನೆ, ಅಂದರೆ ಯಾರಾದರೂ ಅಳಿಸುವವರೆಗೆ ಅಥವಾ ಸರ್ವರ್ ನಿಲ್ಲುವವರೆಗೆ ಹಾಗೇ ಇರುತ್ತದೆ.

ಹಾಗಾದರೆ ಜೂನ್‌ನಿಂದ ಯಾಕೆ ಗೊತ್ತಾಗಲಿಲ್ಲ? ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗುತ್ತಿತ್ತು. ಯುಪಿಎಸ್ ಬ್ಯಾಟರಿ ಜಾಸ್ತಿ ಹೊತ್ತು ತಡೆಯುತ್ತಿರಲಿಲ್ಲ. ಕಂಪ್ಯೂಟರ್ ಆಫ್ ಆದಾಗಲೆಲ್ಲ ಕ್ಯಾಶ್ ಖಾಲಿ, ಮತ್ತೆ ಹೊಸ ದರ. ಜನವರಿಯಲ್ಲಿ ಕರೆಂಟು ಹೋಗಲಿಲ್ಲ. ಕೆಲಸ ಜಾಸ್ತಿ ಎಂದು ಮಿಷನ್ನನ್ನು ರಾತ್ರಿಯೂ ಆಫ್ ಮಾಡಿರಲಿಲ್ಲ.

ಈಗ ಸ್ಕ್ರಿಪ್ಟು ಕ್ಯಾಶನ್ನು ತಾನೇ ಮುಟ್ಟುವುದಿಲ್ಲ. ಕೊನೆಗೆ ಅದೇ ಸರ್ವರಿನ ಒಂದು ಪುಟ್ಟ ಪೇಜನ್ನು ಕರೆಯುತ್ತದೆ. ಆ ಪೇಜು ಅಪಾಚೆಯೊಳಗೇ ಓಡಿ ದರವನ್ನು ಅಳಿಸುತ್ತದೆ. 127.0.0.1ರಿಂದ, ಅಂದರೆ ಅದೇ ಕಂಪ್ಯೂಟರಿನಿಂದ ಬಂದ ಕರೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಜೊತೆಗೆ 60 ಸೆಕೆಂಡಿನ ಅವಧಿಯನ್ನೂ ಹಾಕಿದ್ದೇನೆ. ಆಮೇಲೆ ಒಂದು ವಾರ ಅಪಾಚೆಯನ್ನು ಒಮ್ಮೆಯೂ ರೀಸ್ಟಾರ್ಟ್ ಮಾಡದೆ ನೋಡಿದೆ.

ದರದ ಪಕ್ಕದಲ್ಲೇ ಅದನ್ನು ಹಾಕಿದ ದಿನ, ಗಂಟೆಯೂ ಈಗ ಕಾಣುತ್ತದೆ. ಮಾವ ಮೊದಲು ಅದನ್ನು ಓದುತ್ತಾರೆ, ಆಮೇಲೆ ತಕ್ಕಡಿ ನೋಡುತ್ತಾರೆ.