ಹ್ಯಾಂಡೋವರ್‌ನಲ್ಲಿ ಮೊದಲ ಮಾತು ಆಯಾದು

ಮೈಸೂರಿನ ಒಂದು ವೃದ್ಧಾಶ್ರಮದಲ್ಲಿ ನರ್ಸಿಂಗ್ ಇನ್‌ಚಾರ್ಜ್ ಆಗಿ ಕೆಲಸ ಮಾಡುತ್ತೇನೆ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ಲಕ್ವ ಹೊಡೆದವರು ನಮ್ಮಲ್ಲಿ ಜಾಸ್ತಿ. ನೋಡಿಕೊಳ್ಳಲು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ಸಿಸ್ಟರ್‌ಗಳಿದ್ದಾರೆ, ಶಾಲೆ ಅರ್ಧಕ್ಕೇ ಬಿಟ್ಟ ಆಯಾಗಳೂ ಇದ್ದಾರೆ. ಇವರೆಲ್ಲ ಒಂದು ತಂಡವಾಗಿ ಕೆಲಸ ಮಾಡಲಿ ಅಂತ ನಾನು ಮೊದಲು ಬದಲಾಯಿಸಿದ್ದು ಹ್ಯಾಂಡೋವರ್, ಅಂದರೆ ಡ್ಯೂಟಿ ಮುಗಿಸಿದವರು ಮುಂದಿನವರಿಗೆ ಪ್ರತಿಯೊಬ್ಬರ ಸ್ಥಿತಿ ಹೇಳಿ ಒಪ್ಪಿಸುವ ಕ್ರಮ.

ಡ್ಯೂಟಿ ಬದಲಾಗುವಾಗ ಸಿಸ್ಟರ್ ಸಿಸ್ಟರ್‌ಗೆ ಹೇಳಿ ಹೋಗುವುದು ವಾಡಿಕೆ. ಅಷ್ಟೊತ್ತಿಗೆ ಆಯಾಗಳು ಬಕೆಟ್ ತೊಳೆಯುತ್ತಿರುತ್ತಾರೆ. ಈಗ ನಾವೆಲ್ಲ ಹಾಸಿಗೆಯ ಪಕ್ಕದಲ್ಲೇ ನಿಲ್ಲುತ್ತೇವೆ, ಆಯಾ ಮೊದಲು ಮಾತಾಡುತ್ತಾರೆ. ಅಜ್ಜಿಯ ಬೆನ್ನನ್ನು ದಿನಾ ಒರೆಸುವವರು ಅವರೇ ಅಲ್ವಾ? ಬೆರಳಲ್ಲಿ ಒತ್ತಿದರೂ ಮಾಸದ ಕೆಂಪು ಕಂಡರೆ ಬೆಡ್ ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಒತ್ತಿ ಆಗುವ ಹುಣ್ಣು) ಶುರುವಾಗಿದೆ ಅಂತ ನಾವು ಓದಿರುತ್ತೇವೆ. ಆದರೆ ನಮ್ಮವರ ಕಪ್ಪು ಚರ್ಮದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಆ ಜಾಗ ಬಿಸಿ ಇರುತ್ತದೆ, ಸುತ್ತಲಿಗಿಂತ ಗಟ್ಟಿಯಾಗಿಯೋ ಮೆತ್ತಗೋ ಇರುತ್ತದೆ. ಕಣ್ಣಿಗಿಂತ ಮೊದಲು ಅದು ಕೈಗೆ ಗೊತ್ತಾಗುತ್ತದೆ.

"ಸೊಂಟದ ಕೆಳಗೆ ಬಿಸಿ ಅನ್ನಿಸ್ತಿದೆ ಸಿಸ್ಟರ್" ಅಂತ ಆಯಾ ಹೇಳಿದರೆ, ಸಿಸ್ಟರ್ ಅಲ್ಲೇ ನೋಡಿ ಬ್ರೇಡನ್ ಅಂಕ ಮತ್ತೆ ಹಾಕುತ್ತಾರೆ. ನೋವು ಗೊತ್ತಾಗುತ್ತದಾ, ಮೈ ಒದ್ದೆ ಇರುತ್ತದಾ, ಓಡಾಡುತ್ತಾರಾ, ತಾವೇ ಹೊರಳುತ್ತಾರಾ, ಎಷ್ಟು ತಿನ್ನುತ್ತಾರೆ, ಹಾಸಿಗೆಗೆ ಮೈ ಉಜ್ಜುತ್ತದಾ ಅಂತ ನೋಡಿ 6ರಿಂದ 23ರೊಳಗೆ ಹಾಕುವ ಅಂಕ ಅದು. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯವಿದೆ ಅಂತ ಲೆಕ್ಕ. ಒದ್ದೆ, ಊಟ, ಹೊರಳುವುದು, ಈ ಮೂರೂ ಆಯಾಗೇ ಚೆನ್ನಾಗಿ ಗೊತ್ತು. ಅವರನ್ನು ಕೇಳದೆ ಕುರ್ಚಿಯಲ್ಲಿ ಕೂತು ಹಾಕಿದ ಅಂಕವನ್ನು ನಾನು ನಂಬುವುದಿಲ್ಲ.

ಇನ್ನು ಕೆಲಸ ಅಳೆಯುವ ವಿಷಯ. ವರ್ಷಕ್ಕೊಮ್ಮೆ ತುಂಬುವ ಫಾರಂನಲ್ಲಿ ಎಲ್ಲರಿಗೂ "ಶಿಸ್ತು: ಉತ್ತಮ" ಅಂತಲೇ ಇರುತ್ತದೆ. ಅದರ ಬದಲು ನಾನು ಪಕ್ಕದಲ್ಲಿ ನಿಂತು ಒಂದು ಕೆಲಸವನ್ನು ಪೂರ್ತಿ ನೋಡುತ್ತೇನೆ. ಹೆಚ್ಚಾಗಿ ಊಟ ಮಾಡಿಸುವುದನ್ನು. ನುಂಗಲು ಕಷ್ಟಪಡುವ ತಾತನನ್ನು ನೆಟ್ಟಗೆ ಕೂರಿಸಿದರಾ? ತಾವೂ ಕೂತರಾ? ನಿಂತು ತಿನ್ನಿಸಿದರೆ ತಾತ ಕತ್ತು ಮೇಲೆತ್ತುತ್ತಾರೆ, ಅನ್ನ ಶ್ವಾಸನಾಳಕ್ಕೆ ಹೋಗುವ ಭಯ ಜಾಸ್ತಿ. ಚಿಕ್ಕ ತುತ್ತು ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನದು ಕೊಟ್ಟರಾ? ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿದರಾ? ಮುಟ್ಟುವ ಮೊದಲು "ತಾತ, ಬಾಯಿ ಒರೆಸ್ತೀನಿ" ಅಂತ ಹೇಳಿದರಾ? ಇಷ್ಟನ್ನು ನೋಡಿದರೆ ಒಬ್ಬರ ಕೆಲಸ ನನಗೆ ಗೊತ್ತಾಗುತ್ತದೆ.

ಅವತ್ತೇ ಇಬ್ಬರೂ ಕೂತು ಮಾತಾಡುತ್ತೇವೆ. ಮೊದಲು ಅವರು ಹೇಳಬೇಕು, ಆಮೇಲೆ ನಾನು. ಸಿಸ್ಟರ್‌ಗಳಿಗೂ ಇದೇ ಕ್ರಮ. ಕರೆದ ತಕ್ಷಣ ಬರುತ್ತಾರಾ, ಕೇಳಿದ್ದಕ್ಕೆ ಸಿಡುಕುತ್ತಾರಾ ಅಂತ ಅವರ ಬಗ್ಗೆ ಆಯಾಗಳನ್ನೂ ಕೇಳುತ್ತೇನೆ. ಶುರುವಿನಲ್ಲಿ ಕೆಲವು ಸಿಸ್ಟರ್‌ಗಳಿಗೆ ಇದು ಹಿಡಿಸಲಿಲ್ಲ. ಆದರೂ ನಾನು ಬಿಡಲಿಲ್ಲ.

ಮನೆಯವರ ಹೊಗಳಿಕೆಗೆ ನಾನು ಅಂಕ ಕೊಡುವುದಿಲ್ಲ. ಅವರು ಬರುವುದು ಸಂಜೆ. ರಾತ್ರಿಯೆಲ್ಲ ಎದ್ದಿದ್ದು ಮಗ್ಗುಲು ಬದಲಾಯಿಸಿದವರ ಮುಖ ಅವರಿಗೆ ಗೊತ್ತೇ ಇರುವುದಿಲ್ಲ. ಅದಕ್ಕೇ ನಾನು ನೈಟ್ ಡ್ಯೂಟಿಗೂ ಹೋಗಿ ನೋಡುತ್ತೇನೆ.

ಯಾರಾದರೂ ಬಿದ್ದರೆ ಅದರ ರಿಜಿಸ್ಟರ್ ಬೇರೆಯೇ ಇದೆ. ಅದನ್ನು ಸಂಬಳ ಏರಿಸುವ ಮಾತಿಗೆ ತರಬಾರದು ಅಂತ ಆಡಳಿತದವರ ಹತ್ತಿರ ಪಟ್ಟು ಹಿಡಿದೆ. ಬಿದ್ದದ್ದಕ್ಕೆ ಅಂಕ ಕಳೆದರೆ ಮುಂದಿನ ಸಲ ಬಿದ್ದ ಸುದ್ದಿಯೇ ಹೊರಗೆ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಹೆದರಿಕೆಗೆ ತಾತನನ್ನು ಕುರ್ಚಿಯಿಂದ ಏಳಲೇ ಬಿಡುವುದಿಲ್ಲ. ನಡೆಯದ ಕಾಲು ಬಲ ಕಳೆದುಕೊಳ್ಳುತ್ತದೆ. ಯಾರೂ ಬೀಳಲೇ ಇಲ್ಲ ಅನ್ನುವ ವಾರ್ಡ್ ಕಂಡರೆ, ಅಲ್ಲಿ ದಿನಕ್ಕೆ ಎಷ್ಟು ಜನ ನಡೆದಾಡುತ್ತಾರೆ ಅಂತ ಮೊದಲು ಕೇಳುತ್ತೇನೆ.

ಭಾರದ ಮೈಯವರನ್ನು ಎಳೆಯದೆ ಎತ್ತಿ ಮಗ್ಗುಲು ಬದಲಾಯಿಸಲು ಇಬ್ಬರು ಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಾಡಬೇಕಾದ ಕೆಲಸ ಅದು. ರಾತ್ರಿ ಒಬ್ಬರನ್ನೇ ಡ್ಯೂಟಿಗೆ ಹಾಕಿದ ದಿನ ಅದು ತಪ್ಪಿದರೆ, ಆ ಆಯಾ ಹೆಸರಿನ ಮುಂದೆ ನಾನು ಏನೂ ಬರೆಯುವುದಿಲ್ಲ. "ಜನ ಸಾಲದು" ಅಂತ ಬರೆದು, ಬೆಳಿಗ್ಗೆಯೇ ಆಡಳಿತದವರ ಮೇಜಿಗೆ ಕಳಿಸುತ್ತೇನೆ.