ಫೈನಲ್ ಎಷ್ಟು ಜನ ನೋಡಿದರು? ನಾನು ಲೆಕ್ಕ ಹಾಕುವ ರೀತಿ

2025ರ ಜೂನ್ 3, ಮಂಗಳವಾರ. ಅಹಮದಾಬಾದ್‌ನಲ್ಲಿ ಆರ್‌ಸಿಬಿ ಮತ್ತು ಪಂಜಾಬ್ ಐಪಿಎಲ್ ಫೈನಲ್. ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದರು. ನಾನೂ ಕೂತಿದ್ದೆ. ಆದರೆ ನನ್ನ ತೊಡೆ ಮೇಲೆ ಒಂದು ಉದ್ದ ನೋಟ್‌ಬುಕ್ ಇತ್ತು. ಓವರ್ ಶುರುವಾದಾಗ ಗಂಟೆ, ನಿಮಿಷ ಬರೆಯುವುದು. ವಿಕೆಟ್ ಬಿದ್ದಾಗ ಬರೆಯುವುದು. ಜಾಹೀರಾತು ಬಂದಾಗ, ಮುಗಿದಾಗ ಬರೆಯುವುದು. ಕೊಹ್ಲಿ 43ಕ್ಕೆ ಔಟಾದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ನಾನು ಗಡಿಯಾರ ನೋಡಿ ಸಮಯ ಬರೆದುಕೊಂಡೆ.

ಕನ್ನಡದ ಒಂದು ಮನರಂಜನೆ ಚಾನೆಲ್‌ನ ರಿಸರ್ಚ್ ವಿಭಾಗದಲ್ಲಿ ನನ್ನ ಕೆಲಸ. ಹತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಟಿಆರ್‌ಪಿ ಅಂತ ನೀವೆಲ್ಲ ಹೇಳುತ್ತೀರಲ್ಲ, ಅದನ್ನು ವಾರ ವಾರ ಓದಿ, ಬಿಡಿಸಿ ಹೇಳುವ ಕೆಲಸ. ದೊಡ್ಡ ಪಂದ್ಯ ಬಂದರೆ ಕೆಲಸ ಎರಡು ಪಟ್ಟು. ಪಂದ್ಯ ನಮ್ಮ ಚಾನೆಲ್‌ನಲ್ಲಿ ಬರುವುದಿಲ್ಲ, ನಿಜ. ಆದರೆ ನಮ್ಮ ಸೀರಿಯಲ್ ನೋಡುವವರು ಆ ಹೊತ್ತಿಗೆ ಎಲ್ಲಿಗೆ ಹೋದರು ಅಂತ ನಮಗೆ ಗೊತ್ತಾಗಬೇಕು.

ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯ ಅಂಕಿ ನಮ್ಮ ಕೈಗೆ ಬರುವುದು ಗುರುವಾರ. ಬಾರ್ಕ್ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಅಂದರೆ ಜೂನ್ 3ರ ರಾತ್ರಿಯ ಲೆಕ್ಕ ನೋಡಲು ಜೂನ್ 12ರವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಯಾವ ನಿಮಿಷದಲ್ಲಿ ಏನಾಯಿತು ಅಂತ ಯಾರಿಗೆ ನೆನಪಿರುತ್ತದೆ? ನಿಮಿಷ ನಿಮಿಷಕ್ಕೆ ಎಷ್ಟು ಜನ ನೋಡಿದರು ಅನ್ನುವ ಗೆರೆಯನ್ನು ಸಾಫ್ಟ್‌ವೇರ್ ಬಿಡಿಸಿ ಕೊಡುತ್ತದೆ. ಗೆರೆ ಯಾಕೆ ಏರಿತು, ಯಾಕೆ ಇಳಿಯಿತು ಅಂತ ಅದು ಹೇಳುವುದಿಲ್ಲ. ಅದಕ್ಕೇ ಈ ನೋಟ್‌ಬುಕ್. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಮಯ ಬರೆಯುವಾಗ ಟಿವಿ ನೋಡಿ ಬರೆಯಿರಿ, ಮೊಬೈಲ್ ನೋಡಿ ಬೇಡ. ಮೊಬೈಲ್‌ನಲ್ಲಿ ಪಂದ್ಯ ಟಿವಿಗಿಂತ ಸ್ವಲ್ಪ ಹಿಂದೆ ಓಡುತ್ತಿರುತ್ತದೆ. ಪಕ್ಕದ ಮನೆಯಲ್ಲಿ ಕೂಗು ಕೇಳಿದ ಮೇಲೆ ನಿಮ್ಮ ಮೊಬೈಲ್‌ನಲ್ಲಿ ಸಿಕ್ಸರ್ ಬರುತ್ತದಲ್ವಾ, ಹಾಗೆ. ನಿಮಿಷದ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸವಾದರೂ ಸಾಕು, ವಿಕೆಟ್ ಒಂದು ನಿಮಿಷದಲ್ಲಿ, ಗೆರೆಯ ತಿರುವು ಇನ್ನೊಂದು ನಿಮಿಷದಲ್ಲಿ ಕೂರುತ್ತದೆ.

ಅಂಕಿ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. 2015ರಿಂದ ನಮ್ಮಲ್ಲಿ ಈ ಲೆಕ್ಕ ಬಾರ್ಕ್‌ನದ್ದು. ದೇಶದ 50,000ಕ್ಕಿಂತ ಜಾಸ್ತಿ ಮನೆಗಳಲ್ಲಿ ಅವರ ಮೀಟರ್ ಇದೆ. ಪ್ರತಿ ಚಾನೆಲ್ ತನ್ನ ಧ್ವನಿಯ ಒಳಗೆ ಕಿವಿಗೆ ಕೇಳದ ಒಂದು ಗುರುತು ಸೇರಿಸಿ ಕಳಿಸುತ್ತದೆ. ಮೀಟರ್ ಆ ಗುರುತು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಟಿವಿ ಮುಂದೆ ಯಾರಿದ್ದಾರೆ ಅಂತ ತಿಳಿಯಲು ಬೇರೆ ರಿಮೋಟ್ ಕೊಟ್ಟಿರುತ್ತಾರೆ. ಅಜ್ಜಿಗೊಂದು ಬಟನ್, ಅಪ್ಪನಿಗೊಂದು, ಮಗಳಿಗೊಂದು. ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಯಾವ ಮನೆ ಅನ್ನುವುದು ಗುಟ್ಟು. ಇಷ್ಟು ವರ್ಷವಾದರೂ ಅಂಥ ಒಂದು ಮನೆಯೂ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು.

ದೇಶದಲ್ಲಿ ಟಿವಿ ಇರುವ ಮನೆ ಸುಮಾರು 21 ಕೋಟಿ ಅಂತ ಬಾರ್ಕ್ 2020ರಲ್ಲಿ ಲೆಕ್ಕ ಕೊಟ್ಟಿತ್ತು. ಹಾಗಾದರೆ ಒಂದು ಮೀಟರ್ ಮನೆ ಹತ್ತಿರ ಹತ್ತಿರ 4,000 ಮನೆಗಳ ಪರವಾಗಿ ಮಾತಾಡುತ್ತದೆ. ದೇಶದ ಲೆಕ್ಕಕ್ಕೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ‘ಕರ್ನಾಟಕದ ಹಳ್ಳಿಗಳಲ್ಲಿ 15ರಿಂದ 21 ವಯಸ್ಸಿನ ಹುಡುಗಿಯರು ಎಂಟೂ ಹತ್ತಕ್ಕೆ ಏನು ನೋಡುತ್ತಿದ್ದರು’ ಅಂತ ಕೇಳಿದರೆ ಬೆರಳೆಣಿಕೆಯ ಮನೆಗಳ ಮೇಲೆ ಉತ್ತರ ನಿಲ್ಲುತ್ತದೆ. ಅಂಥ ಅಂಕಿಯನ್ನು ನಾನು ಮೀಟಿಂಗ್‌ಗೆ ಒಯ್ಯುವುದಿಲ್ಲ.

ಈಗ ಮುಖ್ಯ ವಿಷಯ. ಎಷ್ಟು ಜನ ನೋಡಿದರು ಅನ್ನುವ ಒಂದೇ ಪ್ರಶ್ನೆಗೆ ಮೂರು ಉತ್ತರ ಇವೆ. ಮೂರೂ ನಿಜ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮಾತ್ರ ಸುಳ್ಳಾಗುತ್ತದೆ.

ಹತ್ತು ಜನ ಇರುವ ಒಂದು ಬೀದಿ ಅಂದುಕೊಳ್ಳಿ. ಪಂದ್ಯ 200 ನಿಮಿಷದ್ದು. ಮೂರು ಜನ ಪೂರ್ತಿ ನೋಡಿದರು. ಇನ್ನು ಮೂರು ಜನ ಊಟ ಮುಗಿಸಿ ಬಂದು ಕೊನೆಯ ಒಂದು ಗಂಟೆ ನೋಡಿದರು. ಉಳಿದ ನಾಲ್ಕು ಜನ ಮಧ್ಯದಲ್ಲಿ ಬೇರೆ ಬೇರೆ ಹೊತ್ತಿಗೆ ಸ್ಕೋರ್ ಎಷ್ಟಾಯಿತು ಅಂತ ಐದೈದು ನಿಮಿಷ ಇಣುಕಿ ಹೋದರು. ಒಂದು ನಿಮಿಷ ನೋಡಿದವರನ್ನೂ ಎಣಿಸಿದರೆ ಹತ್ತು ಜನ. ಇದು ರೀಚ್. ಒಂದೇ ಹೊತ್ತಿಗೆ ಅತಿ ಹೆಚ್ಚು ಜನ ಇದ್ದದ್ದು ಕೊನೆಯಲ್ಲಿ, ಆರು ಜನ. ಇದು ಪೀಕ್. ಎಲ್ಲರ ನಿಮಿಷ ಕೂಡಿದರೆ 600, 180, 20, ಒಟ್ಟು 800. ಅದನ್ನು 200ರಿಂದ ಭಾಗಿಸಿದರೆ ನಾಲ್ಕು. ಅಂದರೆ ಪಂದ್ಯದ ಯಾವುದೋ ಒಂದು ನಿಮಿಷ ತೆಗೆದುಕೊಂಡರೆ ಸರಾಸರಿ ನಾಲ್ಕು ಜನ ಟಿವಿ ಮುಂದಿದ್ದರು. ಜಾಹೀರಾತು ಕೊಡುವವನಿಗೆ ಬೇಕಾದದ್ದು ಈ ನಾಲ್ಕು. ಪೇಪರ್ ಹೆಡ್‌ಲೈನ್‌ನಲ್ಲಿ ಬರುವುದು ಆ ಹತ್ತು.

2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ನೆನಪಿದೆಯಲ್ಲ. ಆ ನೋವು ಯಾರಿಗೆ ಮರೆತೀತು? ಭಾರತ 240ಕ್ಕೆ ಆಲೌಟ್. ನಮ್ಮ ರಾಹುಲ್ 107 ಬಾಲ್ ಆಡಿ 66. ಟ್ರಾವಿಸ್ ಹೆಡ್ 137. ಆ ಪಂದ್ಯವನ್ನು ಟಿವಿಯಲ್ಲಿ 30 ಕೋಟಿ ಜನ ನೋಡಿದರು ಅಂತ ಪ್ರಸಾರ ಮಾಡಿದವರು ಹೇಳಿದರು. ಒಂದೇ ಹೊತ್ತಿಗೆ ಅತಿ ಹೆಚ್ಚು ಅಂದರೆ 13 ಕೋಟಿ. ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ. ಮಾರನೇ ದಿನದಿಂದಲೇ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್ ಬರತೊಡಗಿತು. ‘ಟಿವಿ 30 ಕೋಟಿ, ಮೊಬೈಲ್ 6 ಕೋಟಿ. ಟಿವಿ ಐದು ಪಟ್ಟು ದೊಡ್ಡದು.’ ಓದಿ ತುಂಬಾ ಬೇಸರವಾಯಿತು. 30 ಅನ್ನುವುದು ರೀಚ್, 5.9 ಅನ್ನುವುದು ಪೀಕ್. ಹೋಲಿಸಲೇಬೇಕು ಅಂದರೆ 13 ಮತ್ತು 5.9 ಇಡಬೇಕು. ಅದೂ ಪೂರ್ತಿ ಸರಿಯಲ್ಲ. ಟಿವಿ ಲೆಕ್ಕದಲ್ಲಿ ಒಂದೊಂದು ತಲೆ ಎಣಿಸುತ್ತೇವೆ. ಅಲ್ಲಿ ಎಣಿಸುವುದು ತೆರೆದ ಆ್ಯಪ್‌ಗಳನ್ನು. ಸ್ಮಾರ್ಟ್ ಟಿವಿಯಲ್ಲಿ ಆ್ಯಪ್ ಹಾಕಿಕೊಂಡು ಐದು ಜನ ನೋಡಿದರೂ ಅಲ್ಲಿ ಒಂದೇ.

ಪೀಕ್ ಅನ್ನುವುದು ಎಷ್ಟು ಬೇಗ ಕರಗುತ್ತದೆ ಅನ್ನುವುದಕ್ಕೆ 2019ರ ವಿಶ್ವಕಪ್ ಸೆಮಿಫೈನಲ್ ಸಾಕು. ಧೋನಿ ಕ್ರೀಸ್‌ನಲ್ಲಿದ್ದಾಗ ಹಾಟ್‌ಸ್ಟಾರ್ ಪರದೆ ಮೇಲಿನ ಸಂಖ್ಯೆ 2.5 ಕೋಟಿ ದಾಟಿತ್ತು. ಗಪ್ಟಿಲ್ ಎಸೆತಕ್ಕೆ ರನೌಟ್ ಆದದ್ದೇ ತಡ, ನೋಡನೋಡುತ್ತಲೇ ಇಳಿಯಿತು. ಆರ್‌ಸಿಬಿ ಪಂದ್ಯಗಳ ಟಿವಿ ಗೆರೆಯಲ್ಲೂ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕೊಹ್ಲಿ ಔಟಾದ ಮೇಲೆ ಎರಡು ಮೂರು ನಿಮಿಷದಲ್ಲಿ ಗೆರೆ ಬಾಗುತ್ತದೆ. ಇನಿಂಗ್ಸ್ ಬ್ರೇಕ್‌ನಲ್ಲಿ ಇನ್ನೂ ಕೆಳಗೆ ಹೋಗುತ್ತದೆ. ಊಟದ ಹೊತ್ತು ಅದು. ಕೊನೆಯ ನಾಲ್ಕೈದು ಓವರ್‌ಗೆ ಪಂದ್ಯ ಬಿಗಿಯಾಗಿದ್ದರೆ ಮತ್ತೆ ಏರುತ್ತದೆ.

ಮತ್ತೆ ಜೂನ್ 3ಕ್ಕೆ ಬರುತ್ತೇನೆ. ಟಿವಿಯಲ್ಲಿ 16.9 ಕೋಟಿ ಜನ ನೋಡಿದರು, ಒಟ್ಟು ಸುಮಾರು 1,500 ಕೋಟಿ ನಿಮಿಷ ಅಂತ ಪ್ರಕಟವಾಯಿತು. ಭಾಗಿಸಿ ನೋಡಿ. ತಲೆಗೆ 89 ನಿಮಿಷ. ಅಂದರೆ ಸರಾಸರಿ ನೋಡುಗ ಒಂದೂವರೆ ಗಂಟೆ ಕೂತಿದ್ದ. ಪ್ರಸಾರ ನಾಲ್ಕು ಗಂಟೆ ಅಂತ ಹಿಡಿದರೆ 1,500 ಕೋಟಿಯನ್ನು 240ರಿಂದ ಭಾಗಿಸಬೇಕು. ಯಾವುದೇ ನಿಮಿಷದಲ್ಲಿ ಸರಾಸರಿ ಆರು ಕೋಟಿಗೂ ಸ್ವಲ್ಪ ಜಾಸ್ತಿ ಜನ. ಜಿಯೋಹಾಟ್‌ಸ್ಟಾರ್‌ನಲ್ಲಿ 89.2 ಕೋಟಿ ವ್ಯೂಸ್ ಅಂತಲೂ ಬಂತು. ನಮ್ಮ ಸೇಲ್ಸ್ ಹುಡುಗನೊಬ್ಬ ಓಡಿ ಬಂದು, “ಮೇಡಂ, 89 ಕೋಟಿ ಜನ ಮೊಬೈಲ್‌ನಲ್ಲೇ ನೋಡಿದ್ದಾರಂತೆ!” ಅಂದ. ಕೂರಿಸಿ ಹೇಳಿದೆ. ಆ್ಯಪ್ ಮುಚ್ಚಿ ಮತ್ತೆ ತೆರೆದರೆ ಇನ್ನೊಂದು ವ್ಯೂ. ಬಸ್ಸಲ್ಲಿ ಒಂದು ಸಲ, ಮನೆಗೆ ಬಂದು ಒಂದು ಸಲ, ನೆಟ್ ಹೋಗಿ ಬಂದಾಗ ಇನ್ನೊಂದು ಸಲ. ಅದೇ ರಾತ್ರಿ ಅಲ್ಲಿ ಓಡಿದ ನಿಮಿಷ ಸುಮಾರು 1,674 ಕೋಟಿ. ಇದನ್ನು ಟಿವಿಯ 1,500 ಕೋಟಿ ಪಕ್ಕ ಇಟ್ಟು ನೋಡಿದಾಗ ಮಾತ್ರ ಆ ರಾತ್ರಿ ಏನಾಯಿತು ಅಂತ ಗೊತ್ತಾಗುತ್ತದೆ. ಎರಡೂ ಹತ್ತಿರ ಹತ್ತಿರ ಸಮ ಬಂದು ನಿಂತಿವೆ. ನಾನು ಕೆಲಸಕ್ಕೆ ಸೇರಿದಾಗ ಇದನ್ನು ಯಾರೂ ಊಹಿಸಿರಲಿಲ್ಲ.

ನಿಮಿಷದ ಮೇಲೆ ನನಗೆ ಇಷ್ಟು ನಂಬಿಕೆ ಬಂದದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಮೊದಮೊದಲ ವರ್ಷಗಳ ಮಾತು. ಒಂದು ಪಂದ್ಯ ಇಂಗ್ಲಿಷ್, ಹಿಂದಿ, ಬೇರೆ ಭಾಷೆ ಅಂತ ಹಲವು ಚಾನೆಲ್‌ನಲ್ಲಿ ಒಟ್ಟಿಗೆ ಬರುತ್ತಿತ್ತು. ಕರ್ನಾಟಕದಲ್ಲಿ ಎಷ್ಟು ಜನ ನೋಡಿದರು ಅಂತ ಕೇಳಿದರು. ಒಂದೊಂದು ಚಾನೆಲ್‌ನ ರೀಚ್ ತೆಗೆದೆ, ಕೂಡಿದೆ, ಸ್ಲೈಡ್ ಮಾಡಿ ಕೊಟ್ಟೆ. ನಮ್ಮ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು. “ರಾಜ್ಯದಲ್ಲಿ ಟಿವಿ ನೋಡೋ ಜನಕ್ಕಿಂತ ಇದೇ ಜಾಸ್ತಿ ಇದೆಯಲ್ಲಮ್ಮಾ” ಅಂದರು. ಅಷ್ಟೇ. ಬೈಯಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗಿದ್ದು ಇಷ್ಟು. ಜಾಹೀರಾತು ಬಂದಾಗ ಜನ ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುತ್ತಾರೆ. ಒಬ್ಬನೇ ಮನುಷ್ಯ ಮೂರು ಚಾನೆಲ್‌ನ ರೀಚ್‌ನಲ್ಲಿ ಮೂರು ಸಲ ಕೂತಿದ್ದ. ಅವತ್ತಿನಿಂದ ನಾನು ನಿಮಿಷಗಳನ್ನು ಕೂಡುತ್ತೇನೆ, ತಲೆಗಳನ್ನು ಕೂಡುವುದಿಲ್ಲ. ಒಂದು ನಿಮಿಷದಲ್ಲಿ ಒಬ್ಬ ಒಂದೇ ಚಾನೆಲ್ ನೋಡಲು ಸಾಧ್ಯ. ಹಾಗಾಗಿ ನಿಮಿಷ ಕೂಡಿದರೆ ಮೋಸವಿಲ್ಲ. ತಲೆ ಎಣಿಸಬೇಕಾದರೆ ಎಲ್ಲ ಚಾನೆಲ್ ಒಟ್ಟಿಗೆ ಹಾಕಿ, ಒಬ್ಬರನ್ನು ಒಂದೇ ಸಲ ಎಣಿಸು ಅಂತ ಸಾಫ್ಟ್‌ವೇರ್‌ಗೆ ಹೇಳಬೇಕು.

ಇಷ್ಟೆಲ್ಲ ಲೆಕ್ಕ ಹಾಕಿ ನಾವು ಮಾಡುವುದೇನು ಅಂದರೆ, ಸೀರಿಯಲ್ ತಂಡಕ್ಕೆ ಒಂದು ಸಲಹೆ ಕೊಡುತ್ತೇವೆ. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಒಂದೇ ಟಿವಿ. ಐಪಿಎಲ್ ಏಳೂವರೆಗೆ ಶುರು. ನಮ್ಮ ಒಳ್ಳೊಳ್ಳೆ ಸೀರಿಯಲ್‌ಗಳೂ ಅದೇ ಹೊತ್ತಿಗೆ. ತುಮಕೂರಿನ ನಮ್ಮ ಮನೆಯಲ್ಲಿ ಅಮ್ಮ ಏಳು ಗಂಟೆ ಸೀರಿಯಲ್ ಮುಗಿಯುತ್ತಿದ್ದ ಹಾಗೆ ರಿಮೋಟನ್ನು ಸೆರಗಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಅಪ್ಪ “ಟಾಸ್ ಯಾರು ಗೆದ್ದರು ಅಂತ ನೋಡಿ ಕೊಡ್ತೀನಿ ಕಣೇ” ಅನ್ನುತ್ತಾರೆ. ಆ ಟಾಸ್ ಹತ್ತೂವರೆಯಾದರೂ ಮುಗಿಯುವುದಿಲ್ಲ. ಅಂಕಿ ಓದುವಾಗ ನನ್ನ ಕಣ್ಣ ಮುಂದೆ ಬರುವುದು ಈ ಸೋಫಾನೇ. ಆರ್‌ಸಿಬಿ ಆಡುವ ದಿನ ಕಥೆಯ ದೊಡ್ಡ ತಿರುವು ಇಡಬೇಡಿ, ಮದುವೆ ಎಪಿಸೋಡನ್ನು ಒಂದು ದಿನ ಮುಂದಕ್ಕೆ ಹಾಕಿ, ಮರುದಿನ ಮಧ್ಯಾಹ್ನದ ಮರುಪ್ರಸಾರಕ್ಕೆ ಒಳ್ಳೆ ಪ್ರೋಮೋ ಕೊಡಿ ಅಂತ ಹೇಳುತ್ತೇನೆ. ಬೇರೆ ತಂಡಗಳು ಆಡುವ ದಿನ ನಾನು ಇಷ್ಟು ಹೆದರುವುದಿಲ್ಲ.

ಆದರೂ ಈ ಲೆಕ್ಕಕ್ಕೆ ಸಿಗದ ಜನ ತುಂಬಾ ಇದ್ದಾರೆ. ಮೀಟರ್ ಇರುವುದು ಮನೆಯಲ್ಲಿ. ಜೂನ್ 3ರ ರಾತ್ರಿ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಅಂಗಳದ ದೊಡ್ಡ ಪರದೆ ಮುಂದೆ, ಪಬ್‌ನಲ್ಲಿ, ಟೀ ಅಂಗಡಿಯ ಪುಟ್ಟ ಟಿವಿ ಮುಂದೆ ನಿಂತವರೆಲ್ಲ ಎಲ್ಲಿ ಸೇರಿದರು?

ಆ ರಾತ್ರಿಯ ನನ್ನ ನೋಟ್‌ಬುಕ್‌ನಲ್ಲಿ ಕೊನೆಯ ಓವರ್‌ನ ಸಮಯ ಇಲ್ಲ. ಪಂಜಾಬ್‌ಗೆ 29 ಬೇಕಿತ್ತು. ಹೇಜಲ್‌ವುಡ್‌ನ ಮೊದಲ ಎರಡು ಬಾಲ್‌ಗೆ ರನ್ ಬರಲಿಲ್ಲ. ಇನ್ನು ನಾಲ್ಕು ಸಿಕ್ಸರ್ ಹೊಡೆದರೂ ಸಾಲದು ಅಂತ ಗೊತ್ತಾಯಿತು. ಕೊಹ್ಲಿ ಕಣ್ಣಲ್ಲಿ ನೀರು. 18 ವರ್ಷ ಕಾದದ್ದು. ನನ್ನ ಕೈಯಿಂದ ಪೆನ್ ಯಾವಾಗ ಬಿತ್ತೋ ಗೊತ್ತಿಲ್ಲ.

ಮರುದಿನ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಎರಡೂ ಒಂದೇ ಬಾರ್ಕ್ ವಾರ, ಒಂದೇ ಫೈಲ್. ಜೂನ್ 12ರಂದು ಫೈಲ್ ತೆರೆದಾಗ ಮಂಗಳವಾರದ ಗೆರೆಯನ್ನು ಮಾತ್ರ ತೆಗೆದುಕೊಂಡೆ. ಬುಧವಾರದ್ದನ್ನು ಯಾವ ಸ್ಲೈಡ್‌ಗೂ ಹಾಕಲಿಲ್ಲ. ಯಾರೂ ಕೇಳಲೂ ಇಲ್ಲ.

ಅದೇ ವರ್ಷ ನವೆಂಬರ್ 2, ಭಾನುವಾರ. ನವಿ ಮುಂಬೈನಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್. ಮಳೆಯಿಂದ ಆಟ ಎರಡು ಗಂಟೆ ತಡ. ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿದಾಗ ಮಧ್ಯರಾತ್ರಿ ಹತ್ತಿರ. ಅಮ್ಮನ ಫೋನ್ ಬಂತು. ದನಿ ಒಡೆದಿತ್ತು. “ಗೆದ್ದುಬಿಟ್ಟರು ಕಣೇ!” ಆಮೇಲೆ ಜಿಯೋಹಾಟ್‌ಸ್ಟಾರ್‌ನಲ್ಲಿ 18.5 ಕೋಟಿ ಜನ ನೋಡಿದರು ಅಂತ ಸುದ್ದಿ ಬಂತು. ಓದಿ ತುಂಬಾ ಖುಷಿಯಾಯಿತು. ಜೊತೆಗೇ ಹಳೇ ಅಭ್ಯಾಸ, ನಿಮಿಷ ಎಷ್ಟು ಅಂತ ಹುಡುಕತೊಡಗಿದೆ. ನನ್ನ ನೋಟ್‌ಬುಕ್‌ನಲ್ಲಿ ಆ ದಿನದ ಪುಟದ ಕೆಳಗೆ ಒಂದು ಸಾಲು ಇದೆ: ಅಮ್ಮ, ಟಿವಿಯಲ್ಲಿ, ಮೊದಲ ಬಾಲ್‌ನಿಂದ ಕಪ್ ಎತ್ತುವವರೆಗೆ. ರಿಮೋಟ್ ಅವರ ಹತ್ತಿರವೇ ಇತ್ತು.