ಕೆಲಸ ಬಿಡುವ ಮುಂಚೆ ಎರಡು ವಾರ ಡೈರಿ ಬರೆದು ನೋಡಿ

ಆಫೀಸಿನಲ್ಲಿ ಖುಷಿಯಿಲ್ಲ ಎಂದು ಯಾರ ಹತ್ತಿರವಾದರೂ ಹೇಳಿ. ಸಿಗುವ ಸಲಹೆ ಎರಡೇ. ಕೆಲಸ ಬಿಡು, ಇಲ್ಲವೇ ಹೊಂದಿಕೊಂಡು ಹೋಗು. ಮನೆ ಸಾಲದ ಕಂತು ಕಟ್ಟುವವರಿಗೆ ಮೊದಲನೆಯದು ಸುಲಭವಲ್ಲ. ಎರಡನೆಯದನ್ನು ಸಲಹೆ ಅನ್ನುವುದೇ ಕಷ್ಟ. ಇವೆರಡರ ನಡುವೆ ಮಾಡಬಹುದಾದದ್ದು ಸಾಕಷ್ಟಿದೆ. ಅದಕ್ಕೆ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ.

ಮೊದಲು ಬರೆಯಿರಿ

ಎರಡು ವಾರ, ಮನೆಗೆ ಹೊರಡುವ ಮುಂಚೆ ಐದು ನಿಮಿಷ. ಮೂರು ಸಾಲು ಸಾಕು. ಇವತ್ತು ಯಾವ ಕೆಲಸ ಮುಂದಕ್ಕೆ ಹೋಯಿತು? ಯಾವುದು ನಿಂತಲ್ಲೇ ನಿಂತಿತು? ಯಾವಾಗ ಗಡಿಯಾರ ನೋಡುವುದು ಮರೆತುಹೋಗಿತ್ತು? ಸುಮ್ನೆ 'ಬೇಜಾರು' ಅಂತ ಬರೆದರೆ ಏನೂ ತಿಳಿಯುವುದಿಲ್ಲ. 'ಹನ್ನೊಂದರ ಮೀಟಿಂಗ್ ಒಂದು ಗಂಟೆ ಎಳೆಯಿತು, ನನಗೆ ಸಂಬಂಧಪಟ್ಟದ್ದು ಎರಡು ನಿಮಿಷ' ಎಂದು ಬರೆಯಿರಿ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ತೆರೇಸಾ ಅಮಬಿಲೆ ಅವರು ಸ್ಟೀವನ್ ಕ್ರೇಮರ್ ಜೊತೆ ಸೇರಿ 7 ಕಂಪನಿಗಳ 238 ಜನರಿಂದ ಹೀಗೇ ದಿನಾ ಬರೆಸಿದ್ದರು. ಸುಮಾರು 12,000 ಟಿಪ್ಪಣಿಗಳು ಸಿಕ್ಕವು. ಜನ ಹುರುಪಿನಲ್ಲಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಒಂದೇ: ತಮಗೆ ಮುಖ್ಯ ಅನ್ನಿಸಿದ ಕೆಲಸ ಅವತ್ತು ಒಂದು ಹೆಜ್ಜೆ ಮುಂದೆ ಹೋಗಿತ್ತು. ಚಿಕ್ಕ ಹೆಜ್ಜೆಯೂ ಸಾಕಾಗಿತ್ತು. ಇನ್ನೊಂದು ಸಮೀಕ್ಷೆಯಲ್ಲಿ, ಉದ್ಯೋಗಿಗಳಿಗೆ ಹುಮ್ಮಸ್ಸು ಕೊಡುವ ಐದು ಸಂಗತಿಗಳನ್ನು ಸಾಲಾಗಿ ಜೋಡಿಸಿ ಎಂದು ಅವರು ಮ್ಯಾನೇಜರ್‌ಗಳನ್ನು ಕೇಳಿದರು. ಕೆಲಸ ಮುಂದೆ ಹೋಗುವುದಕ್ಕೆ ಸಿಕ್ಕಿದ್ದು ಕೊನೆಯ ಜಾಗ! ನಿಮ್ಮ ಬಾಸ್‌ಗೂ ಹೊಳೆದಿರಲಿಕ್ಕಿಲ್ಲ ಬಿಡಿ.

ಆಮೇಲೆ ವಿಂಗಡಿಸಿ

ಕಿರಿಕಿರಿಯದು ಒಂದು ಪಟ್ಟಿ, ಖುಷಿ ಕೊಟ್ಟದ್ದರದು ಇನ್ನೊಂದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ, ಇವೆರಡರ ಮೂಲ ಬೇರೆ ಬೇರೆ ಎಂದರು. ಸಂಬಳ, ನಿಯಮ, ಮೇಲಧಿಕಾರಿ ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಖುಷಿ ಬರುವುದು ಕೆಲಸದಿಂದಲೇ, ಅದನ್ನು ಮಾಡಿ ಮುಗಿಸಿದ್ದರಿಂದ, ಯಾರಾದರೂ ಅದನ್ನು ಗುರುತಿಸಿದ್ದರಿಂದ. ಈ ಮಾತನ್ನು ಒಪ್ಪದವರೂ ಇದ್ದಾರೆ. ಸಂಬಳ ತೀರಾ ಕಡಿಮೆ ಇರುವವರ ಮುಂದೆ ಇದನ್ನು ಹೇಳುವುದೂ ತಪ್ಪು. ಆದರೆ ಪಟ್ಟಿ ಮಾಡುವಾಗ ಉಪಯೋಗಕ್ಕೆ ಬರುತ್ತದೆ. ಮೊದಲ ಪಟ್ಟಿಯನ್ನು ಅಪ್ರೈಸಲ್‌ಗೆ ಎತ್ತಿಡಿ. ಎರಡನೆಯದನ್ನು ಈ ವಾರವೇ ಕೈಗೆತ್ತಿಕೊಳ್ಳಿ.

ಕೆಲಸವನ್ನೇ ಸ್ವಲ್ಪ ತಿದ್ದಿ

ಸಂಶೋಧಕಿಯರಾದ ಏಮಿ ರೆಜ್‌ನೆಸ್ಕಿ ಮತ್ತು ಜೇನ್ ಡಟನ್ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ, ಕೋಣೆ ಶುಚಿ ಮಾಡುವ ಸಿಬ್ಬಂದಿಯನ್ನು ಮಾತಾಡಿಸಿದ್ದರು. ಎಲ್ಲರದೂ ಅದೇ ಹುದ್ದೆ. ಕೆಲವರು ಹೇಳಿದ್ದನ್ನಷ್ಟೇ ಮಾಡುತ್ತಿದ್ದರು, ಬೇಸರದಲ್ಲೇ ಇದ್ದರು. ಇನ್ನು ಕೆಲವರು ರೋಗಿಗಳನ್ನು ಮಾತಾಡಿಸುತ್ತಿದ್ದರು, ದಾರಿ ತಪ್ಪಿದ ಸಂಬಂಧಿಕರಿಗೆ ವಾರ್ಡು ತೋರಿಸುತ್ತಿದ್ದರು. ಕೋಮಾದಲ್ಲಿರುವವರ ಕೋಣೆಯ ಗೋಡೆಯ ಚಿತ್ರಗಳನ್ನು ಆಗಾಗ ಬದಲಿಸಿ ಹಾಕುತ್ತಿದ್ದವರೂ ಇದ್ದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ತಾವು ರೋಗಿ ಗುಣವಾಗಲು ನೆರವಾಗುವವರು ಎಂದೇ ಅವರು ತಿಳಿದಿದ್ದರು. ಈ ಬಗ್ಗೆ 2001ರಲ್ಲಿ ಬಂದ ಅವರಿಬ್ಬರ ಲೇಖನವನ್ನು ಜನ ಇವತ್ತಿಗೂ ನೆನೆಯುತ್ತಾರೆ.

ನಮ್ಮಲ್ಲಿ ಇದನ್ನು ಮಾಡುವುದು ಹೇಗೆ? ಬ್ಯಾಂಕಿನಲ್ಲಿದ್ದೀರಿ, ಹಿರಿಯರಿಗೆ ಬಿಡಿಸಿ ಹೇಳುವುದು ನಿಮಗಿಷ್ಟ ಅಂತಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಲು ಬಂದಾಗ ಆ ಕೌಂಟರ್ ನನಗಿರಲಿ ಎಂದು ಕೇಳಿ. ಉಳಿದವರು ಅದನ್ನು ಸಂತೋಷದಿಂದ ಬಿಟ್ಟುಕೊಡುತ್ತಾರೆ! ಸಾಫ್ಟ್‌ವೇರ್‌ನವರಾದರೆ, ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವುದನ್ನು ವಹಿಸಿಕೊಂಡು ವಾರದ ರಿಪೋರ್ಟನ್ನು ಅದು ಇಷ್ಟವಿರುವ ಸಹೋದ್ಯೋಗಿಗೆ ದಾಟಿಸಬಹುದು. 'ಇದು ನನಗೆ ಬೇಡ' ಎಂದು ಶುರು ಮಾಡಬೇಡಿ. 'ಒಂದು ತಿಂಗಳು ಹೀಗೆ ಮಾಡಿ ನೋಡೋಣವಾ?' ಎಂದರೆ ಇಲ್ಲ ಅನ್ನುವುದು ಬಾಸ್‌ಗೂ ಕಷ್ಟ. ವಾರಕ್ಕೆ ಒಂದು ಗಂಟೆಯ ಕೆಲಸ ಬದಲಾದರೂ ಆರಂಭಕ್ಕೆ ಸಾಕು. ಒಂದು ಎಚ್ಚರಿಕೆ: ಹೊಸದನ್ನು ಹೊತ್ತುಕೊಂಡು ಹಳೆಯದೇನನ್ನೂ ಇಳಿಸದಿದ್ದರೆ ನಿಮಗೆ ಸಿಗುವುದು ಓವರ್‌ಟೈಮ್ ಮಾತ್ರ.

ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ತಂಡ 2004ರಲ್ಲಿ ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಅವರ ದಿನದಲ್ಲಿ ಎಲ್ಲಕ್ಕಿಂತ ಖುಷಿ ಕಡಿಮೆಯಿದ್ದದ್ದು ಬೆಳಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣದಲ್ಲಿ. ಸಿಲ್ಕ್ ಬೋರ್ಡ್‌ನಲ್ಲಿ ನಿಂತವರಿಗೆ ಇದನ್ನು ಯಾರೂ ಹೇಳಬೇಕಿಲ್ಲ, ಅಲ್ವಾ? ಮನೆಯಿಂದ ಕೆಲಸಕ್ಕೆ ಒಪ್ಪಿಗೆ ಸಿಗದಿದ್ದರೆ ಒಂದು ಗಂಟೆ ಬೇಗ ಬಂದು ಬೇಗ ಹೋಗುವ ಅನುಮತಿ ಕೇಳಿ.

ಡೈರಿಯಿಂದ ಆಗದ್ದು

ಡೈರಿ ತುಂಬ ಅವಮಾನ, ಬೆದರಿಕೆಗಳೇ ಇದ್ದರೆ ಕೆಲಸ ತಿದ್ದಿಕೊಂಡು ಫಲವಿಲ್ಲ. ಆ ಡೈರಿಯನ್ನು ದಾಖಲೆಯಾಗಿ ಇಟ್ಟುಕೊಂಡು ಬೇರೆ ಕೆಲಸ ಹುಡುಕುವುದೇ ಸರಿ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು 10 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು ಎನ್ನುತ್ತದೆ 2013ರ ಕಾಯ್ದೆ. ನಿದ್ದೆ ಬರದೆ, ಊಟ ಸೇರದೆ ವಾರಗಟ್ಟಲೆ ಕಳೆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.